ಅಪ್ಪನಿಗೆ ಎರಡು ಸಲ ಟಿಬಿ ಮಾತ್ರೆ ಕೊಟ್ಟರು, ದಮ್ಮು ಕಡಿಮೆಯಾಗಿಲ್ಲ. ಇದು ಟಿಬಿನಾ, ಸಿಲಿಕೋಸಿಸ್ಸಾ?

ಕಲ್ಲುಕುಟಿಗನ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪನಿಗೆ 54 ವರ್ಷ. ಹದಿನೇಳನೇ ವಯಸ್ಸಿಗೇ ಕಲ್ಲು ಕ್ವಾರಿಗೆ ಇಳಿದವರು. ಮೊದಲು ಬಂಡೆಗೆ ಕುಳಿ ಹೊಡೆಯುವ ಕೆಲಸ. ಆಮೇಲೆ ಹನ್ನೆರಡು ವರ್ಷ ಜಿಗಣಿ ಕಡೆ ಗ್ರಾನೈಟ್ ಕತ್ತರಿಸುವುದು, ಪಾಲಿಶ್ ಮಾಡುವುದು. ಸಂಜೆ ಮನೆಗೆ ಬಂದರೆ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಿರುತ್ತಿತ್ತು. ನಾನು ಚಿಕ್ಕವಳಿದ್ದಾಗ ಅಪ್ಪನಿಗೆ ದಿನಾ ವಯಸ್ಸಾಗಿ ಬರುತ್ತದೆ, ಸ್ನಾನ ಮಾಡಿದರೆ ಮತ್ತೆ ಸರಿಹೋಗುತ್ತದೆ ಅಂದುಕೊಂಡಿದ್ದೆ.

2019ರಲ್ಲಿ ಕೆಮ್ಮು ಶುರುವಾಯಿತು. ಎಕ್ಸ್‌ರೇ ತೆಗೆಸಿದೆವು. ಡಾಕ್ಟರು ಫಿಲ್ಮನ್ನು ಟ್ಯೂಬ್‌ಲೈಟ್ ಕಡೆ ಹಿಡಿದು ನೋಡಿ "ಟಿಬಿ" ಅಂದರು. ಕಫ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆದರೂ ಆರು ತಿಂಗಳು ಮಾತ್ರೆ ಕೊಟ್ಟರು. ಅಪ್ಪ ಒಂದು ದಿನವೂ ತಪ್ಪಿಸಲಿಲ್ಲ. 2022ರಲ್ಲಿ ಬೇರೆ ಆಸ್ಪತ್ರೆ, ಮತ್ತೆ ಎಕ್ಸ್‌ರೇ, ಮತ್ತೆ ಅದೇ ಮಾತು, ಮತ್ತೆ ಆರು ತಿಂಗಳ ಮಾತ್ರೆ. ಮನೆಯಲ್ಲಿ ಅಪ್ಪನ ತಟ್ಟೆ ಲೋಟ ಬೇರೆ ಇಟ್ಟೆವು. ನನ್ನ ಮಗಳನ್ನು ತಾತನ ತೊಡೆ ಮೇಲೆ ಕೂರಲು ಬಿಡಲಿಲ್ಲ.

ಈಗ ಬಚ್ಚಲಿನಿಂದ ಹಜಾರಕ್ಕೆ ಬರುವಷ್ಟರಲ್ಲಿ ಎರಡು ಕಡೆ ಗೋಡೆ ಹಿಡಿದು ನಿಲ್ಲುತ್ತಾರೆ. ರಾತ್ರಿ ಮಂಚದ ಅಂಚಿನಲ್ಲಿ ಕೂತು, ತೊಡೆ ಮೇಲೆ ಎರಡು ದಿಂಬು ಇಟ್ಟುಕೊಂಡು, ಅದರ ಮೇಲೆ ತಲೆ ಊರಿ ನಿದ್ದೆ ಮಾಡುತ್ತಾರೆ.

ಹೋದ ವಾರ ಹೊಸ ಡಾಕ್ಟರೊಬ್ಬರು ಮೊದಲ ಸಲ ಕೇಳಿದರು: "ಏನು ಕೆಲಸ ಮಾಡ್ತಿದ್ರಿ?" ಅಪ್ಪ ಹೇಳಿದ ಕೂಡಲೇ "ಇದು ಸಿಲಿಕೋಸಿಸ್ ಇರಬಹುದು, ಸಿಟಿ ಸ್ಕ್ಯಾನ್ ಮಾಡಿಸಿ" ಅಂದರು. ಎರಡಕ್ಕೂ ಏನು ವ್ಯತ್ಯಾಸ? ಎರಡು ಸಲ ತಪ್ಪು ಔಷಧಿ ತಿಂದರಾ? ತಿಳಿದವರು ದಯವಿಟ್ಟು ಹೇಳಿ.

ಶ್ವಾಸದ ಡಾಕ್ಟರು

ತಾಯಿ, ನಾನು ಎದೆರೋಗದ ವೈದ್ಯ. ಸ್ಕ್ಯಾನ್ ನೋಡದೆ ನಿಮ್ಮ ತಂದೆಯವರ ಕಾಯಿಲೆ ಇದೇ ಅಂತ ಹೇಳಲಾರೆ. ವ್ಯತ್ಯಾಸ ಮಾತ್ರ ಹೇಳುತ್ತೇನೆ.

ಟಿಬಿ ಒಂದು ರೋಗಾಣುವಿನಿಂದ ಬರುತ್ತದೆ. 1882ರಲ್ಲಿ ರಾಬರ್ಟ್ ಕಾಖ್ ಅದನ್ನು ಪತ್ತೆ ಮಾಡಿ ತೋರಿಸಿದರು. ರೋಗ ಇರುವವರು ಕೆಮ್ಮಿದಾಗ ಗಾಳಿಯಲ್ಲಿ ಇನ್ನೊಬ್ಬರಿಗೆ ಹರಡುತ್ತದೆ. ಸರಿಯಾದ ಮಾತ್ರೆಗೆ ಆ ರೋಗಾಣು ಸಾಯುತ್ತದೆ, ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ.

ಸಿಲಿಕೋಸಿಸ್‌ನಲ್ಲಿ ರೋಗಾಣುವೇ ಇಲ್ಲ. ಅದು ಕಲ್ಲಿನಲ್ಲಿರುವ ಸಿಲಿಕಾ ಅನ್ನುವ ಖನಿಜದ ಪುಡಿಯಿಂದ ಬರುವ ಕಾಯಿಲೆ. ಗ್ರಾನೈಟ್‌ನಲ್ಲಿ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗ ಸಿಲಿಕಾ ಇರುತ್ತದೆ. ಹುಬ್ಬಿನ ಮೇಲೆ ಕೂತ ಬಿಳಿ ಪುಡಿ ದಪ್ಪದ್ದು, ಅದು ಮೂಗು ಗಂಟಲಲ್ಲೇ ನಿಲ್ಲುತ್ತದೆ. ಅಪಾಯ ಮಾಡುವುದು ಕಣ್ಣಿಗೆ ಕಾಣದ ಪುಡಿ. ಕೂದಲಿನ ದಪ್ಪದ ಹತ್ತರಲ್ಲಿ ಒಂದು ಪಾಲೂ ಇರುವುದಿಲ್ಲ. ಅದು ಶ್ವಾಸಕೋಶದ ತುದಿಯ ಗಾಳಿಚೀಲದವರೆಗೆ ಹೋಗುತ್ತದೆ. ಅಲ್ಲಿ ಕಾವಲಿಗೆ ಇರುವ ಜೀವಕೋಶಗಳು ಅದನ್ನು ನುಂಗುತ್ತವೆ, ಅರಗಿಸಲಾಗದೆ ಸಾಯುತ್ತವೆ. ಪುಡಿ ಮತ್ತೆ ಹೊರಬೀಳುತ್ತದೆ, ಇನ್ನೊಂದು ಜೀವಕೋಶ ನುಂಗುತ್ತದೆ, ಅದೂ ಸಾಯುತ್ತದೆ. ಹೀಗೆ ನಡೆದೂ ನಡೆದೂ ಆ ಜಾಗ ಗಾಯದ ಕಲೆಯ ಹಾಗೆ ಗಟ್ಟಿಯಾಗಿ ಗಂಟು ಕಟ್ಟುತ್ತದೆ. ಗಂಟು ಕಟ್ಟಿದ ಜಾಗದಲ್ಲಿ ಗಾಳಿ ಆಡುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಇದು ಅಂಟುವುದೇ ಇಲ್ಲ. ಆ ಗಂಟನ್ನು ಕರಗಿಸುವ ಔಷಧಿಯೂ ಇಲ್ಲ.

ಗೊಂದಲ ಆಗುವುದು ಎಕ್ಸ್‌ರೇಯಲ್ಲಿ. ಸಿಲಿಕೋಸಿಸ್‌ನ ಸಣ್ಣ ಗಂಟುಗಳು ಶ್ವಾಸಕೋಶದ ಮೇಲ್ಭಾಗದಲ್ಲಿ ಜಾಸ್ತಿ. ಟಿಬಿ ಕೂಡ ಸಾಮಾನ್ಯವಾಗಿ ಮೇಲ್ಭಾಗವನ್ನೇ ಹಿಡಿಯುತ್ತದೆ. ಮಿಲಿಯರಿ ಟಿಬಿ ಅಂತ ಒಂದು ಬಗೆ ಇದೆ. ಲ್ಯಾಟಿನ್‌ನಲ್ಲಿ ಸಿರಿಧಾನ್ಯಕ್ಕೆ ಇರುವ ಹೆಸರಿನಿಂದ ಆ ಮಾತು ಬಂದಿದೆ. ಎರಡೂ ಕರಿ ಬಟ್ಟೆಯ ಮೇಲೆ ರಾಗಿ ಚೆಲ್ಲಿದ ಹಾಗೆ ಕಾಣುತ್ತವೆ. ಕೆಲಸ ಏನು ಅಂತ ಕೇಳದೆ ಬರೀ ಫಿಲ್ಮ್ ನೋಡಿದರೆ ನಮ್ಮ ದೇಶದ ಯಾವ ಡಾಕ್ಟರಿಗೂ ಮೊದಲು ನೆನಪಾಗುವುದು ಟಿಬಿ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಭಾರತದವರು, ನೋಡಿ.

ಒಂದು ಕೇಳಬೇಕು. ತಂದೆಯವರಿಗೆ ಸಂಜೆ ಜ್ವರ, ರಾತ್ರಿ ಬೆವರು, ಕಫದಲ್ಲಿ ರಕ್ತ, ಇದ್ದಕ್ಕಿದ್ದ ಹಾಗೆ ತೂಕ ಇಳಿದದ್ದು, ಇವು ಯಾವುದಾದರೂ ಇತ್ತಾ?

ಕಲ್ಲುಕುಟಿಗನ ಮಗಳು

ಸರ್, ತುಂಬಾ ಧನ್ಯವಾದ. 2019ರಲ್ಲಿ ಜ್ವರ ಇರಲಿಲ್ಲ. ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು, ಅಷ್ಟೇ. 2022ರಲ್ಲಿ ಮಾತ್ರ ಸಂಜೆ ಹೊತ್ತು ಮೈ ಬೆಚ್ಚಗಾಗುತ್ತಿತ್ತು, ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಆಗ ಮಾತ್ರೆ ತಿಂದ ಮೇಲೆ ಜ್ವರ ಹೋಯಿತು, ನಾಲ್ಕು ಕೆಜಿ ತೂಕವೂ ಬಂತು. ದಮ್ಮು ಮಾತ್ರ ಹಾಗೇ ಉಳಿಯಿತು.

ಶ್ವಾಸದ ಡಾಕ್ಟರು

ನೀವು ಬರೆದದ್ದು ಬಹಳ ಮುಖ್ಯ. ಹಾಗಿದ್ದರೆ ಎರಡನೇ ಸಲ ಕೊಟ್ಟ ಮಾತ್ರೆ ತಪ್ಪಲ್ಲ ಅನ್ನಿಸುತ್ತದೆ. "ಟಿಬಿನಾ, ಸಿಲಿಕೋಸಿಸ್ಸಾ" ಅಂತ ಕೇಳಿದಿರಿ. ಎಷ್ಟೋ ಸಲ ಉತ್ತರ "ಎರಡೂ".

ಟಿಬಿ ರೋಗಾಣುವನ್ನು ಹಿಡಿದು ಹಾಕುವುದೂ ಅದೇ ಕಾವಲು ಜೀವಕೋಶ. ಸಿಲಿಕಾ ತಿಂದು ಸೋತ ಜೀವಕೋಶ ರೋಗಾಣುವನ್ನು ತಡೆಯಲಾರದು. ಅದಕ್ಕೇ ಸಿಲಿಕೋಸಿಸ್ ಇರುವವರಿಗೆ ಟಿಬಿ ಬರುವ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು. ಇದನ್ನು ಸಿಲಿಕೋ-ಟಿಬಿ ಅನ್ನುತ್ತೇವೆ. ಟಿಬಿ ಗುಣವಾದರೂ ಕಲ್ಲಿನ ಗಂಟು ಉಳಿಯುತ್ತದೆ, ದಮ್ಮೂ ಉಳಿಯುತ್ತದೆ. ರೋಗಿಗೆ "ಮಾತ್ರೆ ನಾಟಲಿಲ್ಲ" ಅನ್ನಿಸುತ್ತದೆ. ಮಾತ್ರೆ ತನ್ನ ಕೆಲಸ ಮಾಡಿರುತ್ತದೆ, ಉಳಿದ ಕಾಯಿಲೆಯ ಹೆಸರನ್ನು ಯಾರೂ ಹೇಳಿರುವುದಿಲ್ಲ.

ಮುಂದೆ ಹೋದಾಗ ಹಳೆಯ ಎಕ್ಸ್‌ರೇ ಎಲ್ಲ ತೆಗೆದುಕೊಂಡು ಹೋಗಿ, 2019ರದ್ದು ಸೇರಿಸಿ. ಕಫವನ್ನು ಕಲ್ಚರ್‌ಗೂ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೂ, ಕಳಿಸಲು ಕೇಳಿ. ಒಮ್ಮೆ ಟಿಬಿ ಆದವರಲ್ಲಿ ಸತ್ತ ರೋಗಾಣುವಿನ ಚೂರು ಉಳಿದಿದ್ದರೂ, ರೋಗಾಣುವಿನ ಡಿಎನ್‌ಎ ಹುಡುಕುವ ಮಷಿನ್ ಪರೀಕ್ಷೆ ಕೆಲವೊಮ್ಮೆ ಪಾಸಿಟಿವ್ ತೋರಿಸುತ್ತದೆ. ಕಲ್ಚರ್‌ನಲ್ಲಿ ಜೀವ ಇರುವ ರೋಗಾಣು ಮಾತ್ರ ಬೆಳೆಯುತ್ತದೆ. ಅದಕ್ಕೆ ವಾರಗಳು ಹಿಡಿಯುತ್ತವೆ, ಬೇಸರ ಮಾಡಿಕೊಳ್ಳಬೇಡಿ.

ಮಾರಿಕುಪ್ಪಂ ಲೋಕಲ್

ಈ ಚರ್ಚೆ ಓದಿ ಸುಮ್ನೆ ಇರಲಾಗಲಿಲ್ಲ. ನಾನು ಕೆಜಿಎಫ್‌ನವನು. ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಭೂಮಿಯೊಳಗೆ ಕೆಲಸ ಮಾಡಿದವರು. ಆ ಗಣಿ ಮೂರು ಕಿಲೋಮೀಟರಿಗಿಂತ ಆಳ ಇತ್ತು. ಜನ ಚಿನ್ನದ ಕಥೆ ಹೇಳುತ್ತಾರೆ. ಚಿನ್ನ ಇದ್ದದ್ದು ಬಿಳಿ ಕಲ್ಲಿನ ಪಟ್ಟಿಯಲ್ಲಿ, ಕ್ವಾರ್ಟ್ಜ್‌ನಲ್ಲಿ. ಕ್ವಾರ್ಟ್ಜ್ ಅಂದರೆ ಸಿಲಿಕಾನೇ. ಒಂದು ಚಿಟಿಕೆ ಚಿನ್ನಕ್ಕೆ ಎಷ್ಟು ಕಲ್ಲು ಪುಡಿಯಾಗಬೇಕು ಯೋಚನೆ ಮಾಡಿ.

ನಮ್ಮ ದೇಶದಲ್ಲಿ ಸಿಲಿಕೋಸಿಸ್ ಬಗ್ಗೆ ಮೊದಲು ದೊಡ್ಡದಾಗಿ ಗೊತ್ತಾದದ್ದೇ ನಮ್ಮ ಊರಿನಿಂದ. 1940ರಲ್ಲೇ ಮೈಸೂರು ಸಂಸ್ಥಾನ ಇದಕ್ಕೆ ಪರಿಹಾರ ಕೊಡುವ ನಿಯಮ ಮಾಡಿತ್ತು. ಆ ದಶಕದಲ್ಲಿ ಸಾವಿರಾರು ಗಣಿ ಕೆಲಸಗಾರರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನರಲ್ಲಿ ಇದು ಸಿಕ್ಕಿತು. ಎಂಬತ್ತು ವರ್ಷದ ಹಿಂದೆಯೇ ನಮ್ಮ ರಾಜ್ಯದಲ್ಲಿ ಗೊತ್ತಿದ್ದ ಕಾಯಿಲೆ ಇದು. ಇವತ್ತು ಅಕ್ಕನ ಅಪ್ಪನಿಗೆ ಐದು ವರ್ಷ ಹೆಸರು ಸಿಗಲಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ತಾತ ಗಣಿ ಬಿಟ್ಟು ಒಂಬತ್ತು ವರ್ಷ ಆದ ಮೇಲೆ ದಮ್ಮು ಶುರುವಾಯಿತು. ಕೆಲಸ ಬಿಟ್ಟಾಯ್ತಲ್ಲ, ಇನ್ನು ಹೇಗೆ ಬರುತ್ತೆ ಅಂತ ಅಜ್ಜಿ ಕೇಳುತ್ತಿದ್ದರು. 2001ರಲ್ಲಿ ಗಣಿಯೇ ಮುಚ್ಚಿತು. ಆಮೇಲೂ ನಮ್ಮ ಲೈನ್‌ಗಳಲ್ಲಿ, ಅಂದರೆ ಗಣಿ ಕೆಲಸಗಾರರ ಸಾಲುಮನೆಗಳಲ್ಲಿ, ರಾತ್ರಿ ಕೆಮ್ಮು ನಿಲ್ಲಲಿಲ್ಲ. ತಗಡಿನ ಗೋಡೆ, ಆ ಮನೆಯ ಕೆಮ್ಮು ಈ ಮನೆಗೆ ಕೇಳುತ್ತದೆ. ಯಾರ ಕೆಮ್ಮು ಅಂತ ಕಿವಿಯಲ್ಲೇ ಗುರುತು ಸಿಗುತ್ತಿತ್ತು.

ಶ್ವಾಸದ ಡಾಕ್ಟರು

ನಿಮ್ಮ ಅಜ್ಜಿಯ ಪ್ರಶ್ನೆಗೆ ಉತ್ತರ: ಒಳಗೆ ಹೋದ ಪುಡಿ ಹೊರಗೆ ಬರುವುದಿಲ್ಲ. ಕೆಲಸ ಬಿಟ್ಟರೂ ಒಳಗೆ ಆ ನುಂಗಾಟ ನಡೆಯುತ್ತಲೇ ಇರುತ್ತದೆ. ಸಾಮಾನ್ಯವಾಗಿ ಹತ್ತು ವರ್ಷ ಮೀರಿ ಧೂಳು ಕುಡಿದವರಿಗೆ ನಿಧಾನವಾಗಿ ಬರುತ್ತದೆ. ಧೂಳು ತುಂಬಾ ಜಾಸ್ತಿ ಇದ್ದರೆ ಐದು ವರ್ಷದೊಳಗೂ ಬರಬಹುದು, ಅದು ಬಹಳ ಬೇಗ ಜೀವ ತೆಗೆಯುತ್ತದೆ.

ಉಳಿ ಸುತ್ತಿಗೆ

ನಾನು ಶಿವಾರಪಟ್ಟಣದವನು. ಮೂರ್ತಿ ಕೆತ್ತುವ ಕೆಲಸ. ಮೊದಲು ಉಳಿ ಸುತ್ತಿಗೆಯಲ್ಲಿ ಮಾಡುತ್ತಿದ್ದಾಗ ಚಕ್ಕೆ ಜಾಸ್ತಿ, ಪುಡಿ ಕಡಿಮೆ. ಈಗ ಎಲ್ಲ ಕಟ್ಟರ್ ಮಷಿನ್. ಒಂದು ಪೀಠದ ಅಂಚು ತೆಗೆಯುವಷ್ಟರಲ್ಲಿ ಎದುರಿಗೆ ನಿಂತವನ ಮುಖ ಕಾಣುವುದಿಲ್ಲ. ಹತ್ತು ದಿನದ ಕೆಲಸ ಎರಡು ದಿನಕ್ಕೆ ಆಗುತ್ತದೆ, ನಿಜ. ಹತ್ತು ದಿನದ ಧೂಳನ್ನೂ ಎರಡೇ ದಿನದಲ್ಲಿ ಕುಡಿಯುತ್ತೇವೆ.

ನಮ್ಮಲ್ಲಿ ಹಿರಿಯರು ಕೆಲಸ ಮುಗಿದ ಮೇಲೆ ಒಂದು ಉಂಡೆ ಬೆಲ್ಲ ತಿನ್ನಿಸುತ್ತಾರೆ. ಬೆಲ್ಲ ತಿಂದರೆ ಧೂಳು ಇಳಿದುಹೋಗುತ್ತದೆ ಅಂತಾರೆ. ಡಾಕ್ಟರೇ, ಇದು ನಿಜವಾ? ಮುಖಕ್ಕೆ ಟವಲ್ ಕಟ್ಟಿಕೊಂಡರೆ ಸಾಕಾ?

ಶ್ವಾಸದ ಡಾಕ್ಟರು

ಬೆಲ್ಲ ಹೋಗುವುದು ಅನ್ನನಾಳದಲ್ಲಿ, ಧೂಳು ಹೋಗುವುದು ಶ್ವಾಸನಾಳದಲ್ಲಿ. ಗಂಟಲಿಗೆ ಹಿತ ಅನ್ನಿಸಬಹುದು, ತಿನ್ನಿ, ಬೇಡ ಅನ್ನುವುದಿಲ್ಲ. ಅದನ್ನು ನಂಬಿ ಧೂಳಿನಲ್ಲಿ ಕೂರಬೇಡಿ. ಟವಲ್ ನೇಯ್ಗೆಯ ತೂತು ಆ ಪುಡಿಗೆ ಹೆಬ್ಬಾಗಿಲು ಇದ್ದ ಹಾಗೆ. ಎನ್-95 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂತರೆ ತಡೆಯುತ್ತದೆ, ಗಡ್ಡ ಇದ್ದರೆ ಸಂದಿನಲ್ಲಿ ನುಗ್ಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ನೀರು. ಬ್ಲೇಡು ಕಲ್ಲಿಗೆ ತಾಗುವ ಜಾಗಕ್ಕೇ ನೀರು ಬೀಳಬೇಕು. ಪುಡಿ ಏಳುವ ಮೊದಲೇ ಕೆಸರಾಗಿಬಿಡಬೇಕು. ಸಂಜೆ ಒಣಗಿದ ಕೆಸರನ್ನು ಪೊರಕೆಯಲ್ಲಿ ಗುಡಿಸಿದರೆ ಮತ್ತೆ ಅದೇ ಧೂಳು, ಒದ್ದೆ ಇದ್ದಾಗಲೇ ತೆಗೆಯಿರಿ.

ಮನೆ ಮನೆ ಟಿಬಿ ಕೆಲಸ

ನಾನು ಟಿಬಿ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ತಾಲೂಕಿನ ಹಳ್ಳಿ ಹಳ್ಳಿ ಸುತ್ತುತ್ತೇನೆ. ಅಕ್ಕಾ, ತಟ್ಟೆ ಲೋಟ ಬೇರೆ ಇಟ್ಟಿದ್ದು ಓದಿ ಬೇಜಾರಾಯಿತು. ಟಿಬಿ ಇದ್ದರೂ ತಟ್ಟೆಯಿಂದ ಹರಡುವುದಿಲ್ಲ, ಕೆಮ್ಮಿದ ಗಾಳಿಯಿಂದ ಹರಡುತ್ತದೆ. ಸರಿಯಾಗಿ ಮಾತ್ರೆ ಶುರುವಾಗಿ ಕೆಲವು ವಾರ ಆದರೆ ಸಾಮಾನ್ಯವಾಗಿ ಹರಡುವುದೂ ನಿಲ್ಲುತ್ತದೆ. ಕಿಟಕಿ ತೆರೆದಿಡಿ, ಬಾಯಿಗೆ ಬಟ್ಟೆ ಹಿಡಿದು ಕೆಮ್ಮಲಿ, ಅಷ್ಟು ಸಾಕು.

ಕೆಲಸದಲ್ಲಿ ನಾನು ಕಲಿತ ಒಂದು ವಿಷಯ ಹೇಳಲೇಬೇಕು. ಕಫ ಕೊಡುವುದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಡಬ್ಬಿ ಕೈಗೆ ಕೊಟ್ಟು "ಉಗಿದು ತನ್ನಿ" ಅಂತಾರೆ. ಜನ ಎಂಜಲು ತಂದುಕೊಡುತ್ತಾರೆ. ಎಂಜಲಲ್ಲಿ ಏನು ಸಿಗುತ್ತೆ? ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಆಳವಾಗಿ ಉಸಿರೆಳೆದು, ಎದೆಯ ಆಳದಿಂದ ಕೆಮ್ಮಿ ಬಂದ ಗಟ್ಟಿ ಕಫ ಬೇಕು. ನಾನು ಮುಂದೆ ನಿಂತು ಮಾಡಿ ತೋರಿಸುತ್ತೇನೆ.

ಈಗ ಟ್ರೂನ್ಯಾಟ್ ಮಷಿನ್ ಸಣ್ಣ ಆಸ್ಪತ್ರೆಗಳಿಗೂ ಬಂದಿದೆ. ಅದನ್ನು ರೂಪಿಸಿದ್ದು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್, ನಮ್ಮವರ ಕೆಲಸ. ಟಿಬಿ ಇದೆಯಾ, ರಿಫಾಂಪಿಸಿನ್ ಅನ್ನುವ ಟಿಬಿ ಔಷಧಿಗೆ ಬಗ್ಗುತ್ತದಾ ಅನ್ನುವುದು ಅದೇ ದಿನ ಗೊತ್ತಾಗುತ್ತದೆ. ಕಫ ನೆಗೆಟಿವ್ ಬಂದು, ಎಕ್ಸ್‌ರೇ ಕೆಟ್ಟದಾಗಿದ್ದು, ಮನುಷ್ಯ ಕ್ವಾರಿಯವನಾಗಿದ್ದರೆ ನಾನು ಈಗ ಚೀಟಿಯ ಮೇಲೆ ದೊಡ್ಡದಾಗಿ "ಕಲ್ಲು ಕೆಲಸ" ಅಂತ ಬರೆದು ಕಳಿಸುತ್ತೇನೆ. ನಮ್ಮ ಫಾರಂಗಿಂತ ಆ ಎರಡು ಪದ ಎಷ್ಟೋ ಸಲ ಹೆಚ್ಚು ಕೆಲಸ ಮಾಡಿದೆ.

ಟೈಲ್ಸ್ ಹುಡುಗ

ಅಣ್ಣಾ ಅಕ್ಕಾ ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಕಡೆಯವನು, ಬೆಂಗಳೂರಲ್ಲಿ ಟೈಲ್ಸ್, ಅಡುಗೆಮನೆ ಸ್ಲ್ಯಾಬ್ ಹಾಕುವ ಕೆಲಸ. ವಯಸ್ಸು 24. ಆರು ವರ್ಷದಿಂದ ಮಾಡ್ತಿದ್ದೀನಿ. ಫ್ಲಾಟ್ ಒಳಗೆ ಬಾಗಿಲು ಹಾಕಿಕೊಂಡು ಒಣ ಕಟಿಂಗ್ ಮಾಡುತ್ತೇವೆ. ಧೂಳು ಹೊರಗೆ ಹೋದರೆ ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆ. ನೀರು ಹಾಕಿದರೆ ಕೆಳಗಿನ ಮನೆಗೆ ಇಳಿಯುತ್ತೆ ಅಂತ ಮೇಸ್ತ್ರಿ ಬಿಡಲ್ಲ. ನನಗೆ ಎರಡು ತಿಂಗಳಿಂದ ಕೆಮ್ಮು. ಮೆಡಿಕಲ್ ಶಾಪಲ್ಲಿ ಸಿರಪ್ ತಗೊಂಡೆ. ನಾನೇನೂ ಗಣಿಯವನಲ್ಲ, ನನಗೂ ಬರುತ್ತಾ?

ಶ್ವಾಸದ ಡಾಕ್ಟರು

ತಮ್ಮಾ, ಬರುತ್ತದೆ. ಬಾಗಿಲು ಹಾಕಿದ ಕೋಣೆ ಗಣಿಗಿಂತ ಕಡಿಮೆ ಅಪಾಯದ್ದಲ್ಲ. ಸ್ಲ್ಯಾಬ್ ಯಾವುದು ಅನ್ನುವುದೂ ಮುಖ್ಯ. ಅಂಟು ಹಾಕಿ ಮಾಡುವ ಕ್ವಾರ್ಟ್ಜ್ ಸ್ಲ್ಯಾಬ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸಿಲಿಕಾ ಇರಬಹುದು. ಅದನ್ನು ಕತ್ತರಿಸಿದ ಚಿಕ್ಕ ವಯಸ್ಸಿನ ಹುಡುಗರಿಗೆ ಸಿಲಿಕೋಸಿಸ್ ಬಂತು ಅಂತಲೇ ಆಸ್ಟ್ರೇಲಿಯಾದಲ್ಲಿ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿದರು.

ನಿನ್ನ ಕೆಮ್ಮು ಬೇರೆ ಏನಾದರೂ ಇರಬಹುದು, ಹೆದರಬೇಡ. ಆದರೆ ಎರಡು ವಾರ ಮೀರಿದ ಕೆಮ್ಮಿಗೆ ಸಿರಪ್ ಸಾಲದು. ಸರ್ಕಾರಿ ಆಸ್ಪತ್ರೆಗೆ ಹೋಗು, ಕಫ ಪರೀಕ್ಷೆ ಉಚಿತ. ಎಕ್ಸ್‌ರೇ ತೆಗೆಸು. ಅವರು ಕೇಳದಿದ್ದರೂ ಮೊದಲ ಮಾತು "ನಾನು ಆರು ವರ್ಷದಿಂದ ಕಲ್ಲು, ಟೈಲ್ಸ್ ಕತ್ತರಿಸುತ್ತೇನೆ" ಅಂತಲೇ ಇರಲಿ. 1700ರಲ್ಲೇ ಇಟಲಿಯ ರಾಮಾಜ್ಜಿನಿ ಅನ್ನುವ ವೈದ್ಯರು, ರೋಗಿಗೆ ಕೇಳುವ ಪ್ರಶ್ನೆಗಳ ಜೊತೆ "ನಿನ್ನ ಕೆಲಸ ಏನು" ಅನ್ನುವುದನ್ನೂ ಸೇರಿಸಿ ಅಂತ ಹೇಳಿದ್ದರು. ಅರವತ್ತು ಜನ ಸಾಲಿನಲ್ಲಿ ನಿಂತ ಒಪಿಡಿಯಲ್ಲಿ ನಾವು ಅದನ್ನು ಮರೆಯುತ್ತೇವೆ. ನಾನೂ ಮರೆತಿದ್ದೇನೆ. ಒಬ್ಬ ಕ್ರಷರ್ ಕೆಲಸಗಾರನಿಗೆ ಎಂಟು ತಿಂಗಳು ಬರೀ ಟಿಬಿ ಅಂದುಕೊಂಡೇ ಔಷಧಿ ಕೊಟ್ಟಿದ್ದೆ. ಅವನ ಹೆಂಡತಿ ಒಂದು ದಿನ "ಜಲ್ಲಿ ಮಷಿನ್ ಹತ್ರ ಇನ್ನೂ ಮೂರು ಜನಕ್ಕೆ ಹೀಗೇ ಆಗಿದೆ ಸಾರ್" ಅಂದ ಮೇಲೆ ನನಗೆ ಹೊಳೆದದ್ದು. ಆ ಮಾತು ಈಗಲೂ ಚುಚ್ಚುತ್ತದೆ.

ಕಾರ್ಮಿಕರ ಪರ

ವಕೀಲನಾಗಿ ಎರಡು ಮಾತು. ಕಾಯಿಲೆಯ ಹೆಸರು ಬದಲಾದರೆ ಹಕ್ಕೂ ಬದಲಾಗುತ್ತದೆ. ಬರೀ ಟಿಬಿ ಅಂತ ಬರೆದರೆ ಅದು ಮನುಷ್ಯನ ಹಣೆಬರಹ ಅನ್ನುವ ಹಾಗೆ ನೋಡುತ್ತಾರೆ. ಸಿಲಿಕೋಸಿಸ್ ಅಂತ ಬರೆದರೆ ಅದು ಕೆಲಸದಿಂದ ಬಂದ ಕಾಯಿಲೆ, ಕೆಲಸ ಕೊಟ್ಟವರ ಹೊಣೆ. 1948ರ ಫ್ಯಾಕ್ಟರಿ ಕಾಯ್ದೆಯ ಕಾಲದಿಂದಲೂ ಇದು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ. ಪರಿಹಾರದ ಕಾನೂನಿನ ಪಟ್ಟಿಯಲ್ಲೂ ಸಿಲಿಕೋಸಿಸ್ ಇದೆ, ಅದರ ಜೊತೆ ಟಿಬಿ ಸೇರಿಕೊಂಡದ್ದೂ ಇದೆ.

ಗುಜರಾತಿನ ಕ್ವಾರ್ಟ್ಜ್ ಪುಡಿ ಮಾಡುವ ಕಾರ್ಖಾನೆಗಳಿಗೆ ಮಧ್ಯಪ್ರದೇಶದ ಆದಿವಾಸಿಗಳು ಕೂಲಿಗೆ ಹೋಗಿ ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟು ಅಂಥ 238 ಜನರ ಕುಟುಂಬಗಳಿಗೆ ತಲಾ 3 ಲಕ್ಷ ಕೊಡಿ ಅಂತ ಗುಜರಾತ್ ಸರ್ಕಾರಕ್ಕೆ ಹೇಳಿತು. ರಾಜಸ್ಥಾನ ಸರ್ಕಾರ 2019ರಲ್ಲಿ ಇದಕ್ಕೇ ಒಂದು ನೀತಿ ತಂದಿತು. ನಮ್ಮ ರಾಜ್ಯದ ಕಲ್ಲು ಕೆಲಸಗಾರರಿಗೂ ಅಂಥದ್ದು ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಕ್ಕಾ, ನಿಮ್ಮ ತಂದೆಯವರು ಕೆಲಸ ಮಾಡಿದ್ದಕ್ಕೆ ಏನು ದಾಖಲೆ ಇದೆ? ಸಂಬಳದ ಚೀಟಿ, ಇಎಸ್‌ಐ ಕಾರ್ಡು, ಪಿಎಫ್ ನಂಬರು, ಏನೂ ಇಲ್ಲದಿದ್ದರೆ ಜೊತೆಯಲ್ಲಿ ಕೆಲಸ ಮಾಡಿದ ಇಬ್ಬರ ಹೇಳಿಕೆ. ಇವತ್ತೇ ಹುಡುಕಿ.

ಕಲ್ಲುಕುಟಿಗನ ಮಗಳು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಸಿಟಿ ಸ್ಕ್ಯಾನ್ ಆಯಿತು. ಸಿಲಿಕೋಸಿಸ್ ಅಂತಲೇ ಬಂದಿದೆ. ಶ್ವಾಸಕೋಶದ ಮಧ್ಯದ ಗ್ರಂಥಿಗಳ ಸುತ್ತ ಮೊಟ್ಟೆಯ ಚಿಪ್ಪಿನ ಹಾಗೆ ಸುಣ್ಣ ಕಟ್ಟಿದೆ, ಅದು ಸಿಲಿಕೋಸಿಸ್‌ನ ಗುರುತು ಅಂತ ಡಾಕ್ಟರು ಸ್ಕ್ರೀನಿನ ಮೇಲೆ ತೋರಿಸಿದರು. ಮೇಲಿನ ಎರಡೂ ಕಡೆ ಗಂಟುಗಳು ಸೇರಿ ದೊಡ್ಡದಾಗಿವೆ. ಮಷಿನ್ ಪರೀಕ್ಷೆಯಲ್ಲಿ ಟಿಬಿ ಸಿಗಲಿಲ್ಲ. ಕಲ್ಚರ್ ಇನ್ನೂ ಬರಬೇಕು. ಗುಣವಾಗುವುದಿಲ್ಲ ಅಂತ ನೇರವಾಗಿ ಹೇಳಿದರು. ಸೇದುವ ಔಷಧಿ, ಉಸಿರಿನ ವ್ಯಾಯಾಮ, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಬರೆದುಕೊಟ್ಟರು. ಬೀಡಿ ಇವತ್ತೇ ಬಿಡಬೇಕು ಅಂದರು. ಜ್ವರ ಬಂದರೆ, ತೂಕ ಇಳಿದರೆ ಒಂದು ದಿನವೂ ಕಾಯದೆ ಕಫ ಪರೀಕ್ಷೆಗೆ ಬರಬೇಕಂತೆ.

ಅಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಇದು ಮಗುವಿಗೆ ಅಂಟಲ್ಲ ಅಲ್ವಾ?" ಅಂಟುವುದಿಲ್ಲ ಅಂತ ಡಾಕ್ಟರು ಹೇಳಿದರು. ಮನೆಗೆ ಬಂದ ದಿನವೇ ಅಪ್ಪನ ತಟ್ಟೆ ಲೋಟವನ್ನು ನಮ್ಮೆಲ್ಲರ ಪಾತ್ರೆ ಜೊತೆ ಇಟ್ಟೆ. ನನ್ನ ಮಗಳು ಈಗ ತಾತನ ಪಕ್ಕದಲ್ಲೇ ಕೂತು, ಆ ಉಸಿರಿನ ವ್ಯಾಯಾಮದ ಮೂರು ಚೆಂಡಿನ ಡಬ್ಬಿಯಲ್ಲಿ ಎಷ್ಟು ಚೆಂಡು ಏಳುತ್ತದೆ ಅಂತ ಎಣಿಸುತ್ತಾಳೆ. ನಿನ್ನೆ ಒಂದು ಎದ್ದಿತು, ಎರಡನೆಯದು ಅಲುಗಿತು.

ವಕೀಲರೇ, ಟ್ರಂಕಿನಲ್ಲಿ ಹಳೆ ಇಎಸ್‌ಐ ಕಾರ್ಡು ಸಿಕ್ಕಿದೆ. ಹೆಸರು ಮಾಸಿದೆ, ನಂಬರು ಓದಲು ಬರುತ್ತದೆ.

ಟೈಲ್ಸ್ ತಮ್ಮಾ, ನೀನು ಹೋದೆಯಾ ಆಸ್ಪತ್ರೆಗೆ?

ಟೈಲ್ಸ್ ಹುಡುಗ

ಹೋಗಿದ್ದೆ ಅಕ್ಕಾ. ಕಫದಲ್ಲಿ ಟಿಬಿ ಇಲ್ಲ ಅಂದರು. ಎಕ್ಸ್‌ರೇ ದೊಡ್ಡ ಡಾಕ್ಟರಿಗೆ ತೋರಿಸಬೇಕಂತೆ, ಸೋಮವಾರ ಕರೆದಿದ್ದಾರೆ. ನನ್ನ ರೂಮಿನ ಇನ್ನಿಬ್ಬರೂ ಬರುತ್ತಿದ್ದಾರೆ, ಅವರಿಗೂ ಕೆಮ್ಮು ಇದೆ. ಮೇಸ್ತ್ರಿಗೆ ಈ ಚರ್ಚೆ ಓದಿಸಿದೆ. ಇವತ್ತು ಸ್ಲ್ಯಾಬ್ ಎಲ್ಲ ಕೆಳಗೆ ಅಂಗಳಕ್ಕೆ ಇಳಿಸಿ, ಕಟ್ಟರ್‌ಗೆ ಪೈಪ್ ಕಟ್ಟಿ, ನೀರು ಬಿಟ್ಟುಕೊಂಡು ಕತ್ತರಿಸಿದೆವು. ಕೆಲಸ ಒಂದು ಗಂಟೆ ತಡವಾಯಿತು. ಪ್ಯಾಂಟು ಪೂರ್ತಿ ಕೆಸರು.